ಕೋಟಿಂಗ್ ಹೊಡೆಯಿರಿ, ಆದರೆ ಕಾರಿನ ತೂತು ಮುಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ,

ಮೇ ತಿಂಗಳು ಬಂತೆಂದರೆ ಬೆಳಗಾವಿಯ ಗ್ಯಾರೇಜುಗಳಲ್ಲಿ ಅಂಡರ್‌ಬಾಡಿ ಕೋಟಿಂಗ್ ಕೆಲಸ ಜೋರಾಗುತ್ತದೆ. ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಆ ಕಪ್ಪು ಬಣ್ಣ ಹೊಡೆಸಿಬಿಟ್ಟರೆ ತುಕ್ಕಿನ ಚಿಂತೆ ಇಲ್ಲ ಅಂತ ಜನರ ನಂಬಿಕೆ. ಹೊಡೆಸುವುದು ತಪ್ಪಲ್ಲ. ಆದರೆ ಅವಸರದಲ್ಲಿ ಕೆಲವರು ನೀರು ಹೊರಗೆ ಹೋಗಲೆಂದು ಕಂಪನಿಯವರೇ ಬಿಟ್ಟಿರುವ ತೂತುಗಳ ಮೇಲೂ ಹೊಡೆದುಬಿಡುತ್ತಾರೆ. ಒಳಗೆ ಸೇರಿದ ನೀರು ಒಳಗೇ ಉಳಿಯುತ್ತದೆ. ದುಡ್ಡು ಕೊಟ್ಟು ತುಕ್ಕು ಹಿಡಿಸಿಕೊಂಡ ಹಾಗಾಯಿತು, ಅಲ್ವಾ?

ನನ್ನ ತಮ್ಮ ಪುಣೆಯಿಂದ ಎರಡು ಸೀಟಿನ ಹಳೆಯ ಕನ್ವರ್ಟಿಬಲ್ ತಂದಿದ್ದಾನೆ, ಬಟ್ಟೆಯ ಹುಡ್, ಅಂದರೆ ಮಡಚುವ ಛಾವಣಿ ಇರುವಂಥದ್ದು. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಕೋಟಿಂಗ್ ಮಾಡಿಸಿದ. ಅದೇ ಮಳೆಗಾಲದಲ್ಲಿ ಕಾರಿನೊಳಗೆ ಮುಗ್ಗಲು ವಾಸನೆ ಶುರುವಾಯಿತು. ಹುಡ್ ಸೋರುತ್ತಿದೆ, ಹೊಸದು ಹಾಕಿಸಿ ಅಂದರು ಎಲ್ಲರೂ. ಕಾರ್ಪೆಟ್ ಮುಟ್ಟಿದರೆ ಒಣಗಿತ್ತು. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ ಅದರ ಕೆಳಗಿನ ಫೋಮ್ ಒತ್ತಿದಾಗ ನೀರು ಹರಿಯಿತು. ಆಮೇಲೆ ಕಾರನ್ನು ಎತ್ತಿ, ಬಾಗಿಲ ಕೆಳಗೆ ಉದ್ದಕ್ಕೂ ಟೊಳ್ಳು ಪಟ್ಟಿ ಇರುತ್ತದಲ್ಲ, ಸಿಲ್ ಅನ್ನುತ್ತಾರೆ, ಅದರ ಅಡಿಯ ಕೋಟಿಂಗನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆವು. ಹೆಬ್ಬೆರಳಿನ ಉಗುರಿನಷ್ಟು ಒಂದು ತೂತು ಸಿಕ್ಕಿತು. ಮೊದಲು ಹನಿ ಹನಿ, ಆಮೇಲೆ ಸಣ್ಣ ಧಾರೆಯಾಗಿ ಕೆಂಪು ನೀರು ಬಂತು, ಅದರ ಹಿಂದೆ ರಾಡಿ, ರಾಡಿಯಲ್ಲಿ ತುಕ್ಕಿನ ಚಕ್ಕೆಗಳು. ಹುಡ್‌ನಲ್ಲಿ ಒಂದು ಹರಕೂ ಇರಲಿಲ್ಲ.

ಕನ್ವರ್ಟಿಬಲ್‌ನಲ್ಲಿ ನೀರಿನ ದಾರಿ ಹೇಗಿರುತ್ತದೆ ಅಂದರೆ, ಹುಡ್ ಮೇಲಿಂದ ಹಿಂದಕ್ಕೆ ಇಳಿದ ಮಳೆನೀರು ಸೀಟಿನ ಹಿಂದಿನ ಒಂದು ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಪೈಪು. ಹಲವು ಕಾರುಗಳಲ್ಲಿ ಎರಡೂ ಹಿಂದಿನ ಚಕ್ರದ ಮುಂದೆ ಹೊರಗೆ ತೆರೆದುಕೊಳ್ಳುತ್ತವೆ. 1989ರಲ್ಲಿ ಬಂದ ಜಪಾನಿನ ಮಜ್ದಾ ಎಂಎಕ್ಸ್-5 ಕಾರಿಗೆ ಹಿಂದಿನ ಚಕ್ರದ ಮುಂದಿನ ಸಿಲ್ ತುಕ್ಕು ಹಿಡಿಯುವುದು ಜಗತ್ತಿನಾದ್ಯಂತ ಗೊತ್ತಿರುವ ರೋಗ, ಅದಕ್ಕೆ ದೊಡ್ಡ ಕಾರಣ ಈ ಪೈಪು ಕಟ್ಟಿಕೊಂಡು ನೀರು ಸಿಲ್‌ಗೆ ಇಳಿಯುವುದೇ. ನಮ್ಮ ಟಿಳಕವಾಡಿಯಲ್ಲಂತೂ ಮರದ ಕೆಳಗೆ ಕಾರು ನಿಲ್ಲಿಸುತ್ತೇವೆ. ಗುಲ್ಮೊಹರ್, ಹುಣಸೆ ಎಲೆಗಳು ಎಷ್ಟು ಸಣ್ಣವೆಂದರೆ ಎಂಥ ಜಾಲರಿಯನ್ನೂ ದಾಟಿ ಹೋಗಿ ಪೈಪಿನ ತಿರುವಿನಲ್ಲಿ ಕೂರುತ್ತವೆ, ಅದರ ಮೇಲೆ ಕೆಂಪು ಮಣ್ಣಿನ ಧೂಳು ಕೂತು ಗಟ್ಟಿಯಾಗುತ್ತದೆ.

ಸ್ವಲ್ಪ ತುಕ್ಕಿಗೆ ಇಷ್ಟೆಲ್ಲ ಗಲಾಟೆ ಯಾಕೆ ಅನ್ನಬೇಡಿ. ಸಾಮಾನ್ಯ ಕಾರಿನಲ್ಲಿ ಛಾವಣಿಯೂ ಬಾಡಿಯ ಬಲದ ಒಂದು ಪಾಲು ಹೊರುತ್ತದೆ. ಛಾವಣಿ ಇಲ್ಲದ ಕಾರು ಮುಚ್ಚಳ ಕಿತ್ತ ರಟ್ಟಿನ ಡಬ್ಬಿಯ ಹಾಗೆ, ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. ಆ ಭಾರವನ್ನೆಲ್ಲ ಸಿಲ್ ಮತ್ತು ನೆಲದ ಪತ್ರಾ (ತಗಡು) ಹೊರಬೇಕು. ಅವೇ ಒಳಗಿನಿಂದ ತಿಂದುಹೋದರೆ ಅಪಘಾತದಲ್ಲಿ ಒಳಗಿದ್ದವರ ಗತಿ ಏನು? ಜಾಕ್ ಹಾಕಿ ಎತ್ತಿದಾಗ ಬಾಗಿಲು ಸರಿಯಾಗಿ ಕೂರದಿದ್ದರೆ ಸಿಲ್ ಬಲ ಕಳೆದುಕೊಂಡಿದೆ ಎಂಬ ಅನುಮಾನ ಪಡಲೇಬೇಕು.

ಬೆಳಗಾವಿಯಲ್ಲಿ ಕನ್ವರ್ಟಿಬಲ್ ಎಷ್ಟಿವೆ ಅಂತ ಕೇಳಬಹುದು. ಹಳೆಯ ಜೀಪುಗಳಿವೆ. 2020ರ ಹೊಸ ಥಾರ್‌ನಲ್ಲಿ ಬಟ್ಟೆಯ ಟಾಪ್ ಇರುವುದೂ ಬಂತು. ಥಾರ್‌ಗೆ ಕೆಳಗೆ ಬೇರೆ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು ಇದೆ, ಅದರ ಬಲ ಅಲ್ಲಿದೆ, ನಿಜ. ಆದರೆ ಚಾಸಿಯೂ ಟೊಳ್ಳು ಪೆಟ್ಟಿಗೆಯೇ, ಅದಕ್ಕೂ ತೂತುಗಳಿವೆ, ಅಲ್ಲೂ ರಾಡಿ ತುಂಬುತ್ತದೆ. ಇನ್ನು ಸನ್‌ರೂಫ್. ಈಗ ಸಣ್ಣ ಕಾರಿನಲ್ಲೂ ಸನ್‌ರೂಫ್ ಬೇಕು ಎಲ್ಲರಿಗೂ. ಅದರ ಮೂಲೆಗಳಿಂದ ಕಂಬದೊಳಗೆ ಪೈಪು ಇಳಿದಿರುತ್ತವೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ಯಾವ ಸನ್‌ರೂಫೂ ಇಲ್ಲದ ಕಾರಿನ ಬಾಗಿಲಿನ ಅಡಿಯಲ್ಲೂ ತೂತುಗಳಿವೆ, ಯಾಕೆಂದರೆ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಇಳಿದು ಹೊರಗೆ ಹೋಗಬೇಕು ಅಷ್ಟೇ. ಬಾನೆಟ್ ಎತ್ತಿದರೆ ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿರುತ್ತದಲ್ಲ, ಅಲ್ಲೂ ನೀರಿನ ದಾರಿ ಇದೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಹುಡ್ ಹಿಂದಿನ ಕಾಲುವೆಯ ಒಂದು ಬದಿಗೆ ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಹಾಕಿ, ಇನ್ನೊಬ್ಬರು ಕೆಳಗೆ ಬಗ್ಗಿ ನೋಡಲಿ. ಹಾಕಿದಷ್ಟೂ ತಡವಿಲ್ಲದೆ ಹೊರಗೆ ಬಂದರೆ ಸರಿ. ನಿಂತರೆ, ಅಥವಾ ಸಣ್ಣಗೆ ಜಿನುಗಿದರೆ, ಕಟ್ಟಿಕೊಂಡಿದೆ. ಆಗ ತಂತಿ ತುರುಕಬೇಡಿ. ಗಟ್ಟಿ ತಂತಿ ಪೈಪನ್ನು ತೂತು ಮಾಡುತ್ತದೆ, ಇಲ್ಲವೇ ಮೇಲಿನ ಜೋಡಣೆಯಿಂದ ಕಿತ್ತುಬಿಡುತ್ತದೆ, ಆಮೇಲೆ ನೀರೆಲ್ಲ ನೇರ ಸಿಲ್‌ಗೆ. ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಬಿಟ್ಟರೂ ಅದೇ ಗತಿ. ಹುಲ್ಲು ಕತ್ತರಿಸುವ ಮಷಿನ್ನಿಗೆ ಹಾಕುವ ದಪ್ಪ ನೈಲಾನ್ ದಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ತುದಿಯನ್ನು ಲೈಟರ್‌ನಿಂದ ಸ್ವಲ್ಪ ಕಾಯಿಸಿ ದುಂಡಗೆ ಮಾಡಿಕೊಂಡು, ಕೈಗೆ ಸಿಕ್ಕರೆ ಕೆಳಗಿನ ಬಾಯಿಂದಲೇ ಮೇಲಕ್ಕೆ, ತಿರುಗಿಸುತ್ತಾ ಕಳಿಸಿ. ಮೇಲಿಂದ ನೂಕಿದರೆ ಕಸ ಇನ್ನೂ ಗಟ್ಟಿಯಾಗಿ ಕೂರುವ ಸಂಭವ ಜಾಸ್ತಿ. ದಾರ ಹೋಗಿ ಬಂದ ಮೇಲೆ ಮತ್ತೆ ನೀರು ಹಾಕಿ, ಕೆಸರಿಲ್ಲದ ನೀರು ಬರುವ ತನಕ. ಬಾಗಿಲು ಮತ್ತು ಸಿಲ್‌ನ ತೂತಿಗೆ ಪ್ಲಾಸ್ಟಿಕ್ ಕಡ್ಡಿ ಸಾಕು, ಸ್ಕ್ರೂಡ್ರೈವರ್ ಬೇಡ, ತೂತಿನ ಅಂಚಿನ ಬಣ್ಣ ಕಿತ್ತರೆ ತುಕ್ಕು ಅಲ್ಲಿಂದಲೇ ಹೊಸದಾಗಿ ಹತ್ತುತ್ತದೆ.

ಕಾರ್ಪೆಟ್ ಕೆಳಗಿನ ಫೋಮ್ ಒದ್ದೆಯಾಗಿದ್ದರೆ ಹೊರಗೆ ತೆಗೆದೇ ಒಣಗಿಸಬೇಕು. ಕಿಟಕಿ ಇಳಿಸಿ ಬಿಸಿಲಿಗೆ ನಿಲ್ಲಿಸಿದರೆ ಅದು ಒಣಗುವುದಿಲ್ಲ. ಕೆಲವು ಕಾರುಗಳಲ್ಲಿ ಸೀಟಿನ ಕೆಳಗೆ, ಕಾರ್ಪೆಟ್ ಕೆಳಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿರುತ್ತವೆ. ಅವುಗಳಿಗೆ ನೀರು ಹೋದರೆ ಖರ್ಚು ಕೇಳಬೇಡಿ.

ಎಲ್ಲ ಒಣಗಿದ ಮೇಲೆ ಸಿಲ್‌ನ ಒಳಗೆ ಉದ್ದನೆಯ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗಗಳಿಗೆ ಹೊಡೆಯುವ ಮೇಣ, ಹೊಡೆಸಿ. ಅದು ಪತ್ರಾ ಪತ್ರಾ ಸೇರುವ ಸಂದಿಗಳಲ್ಲಿ ಹರಿದು ಕೂರುತ್ತದೆ, ಹೊರಗಿನ ಕೋಟಿಂಗ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೊಡೆದ ಮೇಲೆ ತೂತುಗಳನ್ನು ಮತ್ತೊಮ್ಮೆ ಬಿಡಿಸಬೇಕು, ವ್ಯಾಕ್ಸೂ ಅವನ್ನು ಮುಚ್ಚಬಲ್ಲದು. ಈಗಾಗಲೇ ತುಕ್ಕು ಹಿಡಿದಿರುವ ಕಡೆ ಕೆರೆದು, ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿ, ಪ್ರೈಮರ್ ಹೊಡೆದು ಆಮೇಲೆ ಕೋಟಿಂಗ್. ತುಕ್ಕಿನ ಮೇಲೇ ಕಪ್ಪು ಬಳಿದರೆ ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಬಣ್ಣವನ್ನು ಕೆಳಗಿನಿಂದಲೇ ಎಬ್ಬಿಸುತ್ತದೆ. ಸುಟ್ಟ ಇಂಜಿನ್ ಆಯಿಲ್ ಹೊಡೆಯುವ ಹಳೆಯ ಪದ್ಧತಿ ಮಾತ್ರ ದಯವಿಟ್ಟು ಬಿಡಿ. ರಬ್ಬರ್ ಹಾಳಾಗುತ್ತದೆ, ಮಣ್ಣಿಗೂ ಬಾವಿಗೂ ವಿಷ.

ನಮ್ಮವರಿಗೆ ರಜೆ ಸಿಕ್ಕರೆ ಚೋರ್ಲಾ ಘಾಟ್ ಇಳಿದು ಗೋವಾ. ಸಮುದ್ರದ ಗಾಳಿಯ ಉಪ್ಪು ತುಕ್ಕಿನ ವೇಗ ಹೆಚ್ಚಿಸುತ್ತದೆ. ಮನೆಗೆ ಬಂದ ಮೇಲೆ ಮೇಲ್ಭಾಗ ಒರೆಸುವುದಕ್ಕಿಂತ ಮೊದಲು ಅಡಿಗೆ ಚೆನ್ನಾಗಿ ಸಿಹಿನೀರು ಹೊಡೆಯಿರಿ.

ಗ್ಯಾರೇಜಿನ ಅಣ್ಣಂದಿರಿಗೆ ನನ್ನ ವಿನಂತಿ ಇಷ್ಟು. ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅಷ್ಟು ನಿಖರವಾದ ಬಿಡಿಭಾಗ ತಯಾರಿಸುವ ಕೈಗಳಿರುವ ಊರು ನಮ್ಮದು, ಕೆಲಸ ಬರುವುದಿಲ್ಲ ಅಂತ ಯಾರೂ ಹೇಳಲಾರರು. ಕೋಟಿಂಗ್ ಹೊಡೆಯುವ ಮುಂಚೆ ಪ್ರತಿ ತೂತಿಗೂ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಮುಗಿದ ಮೇಲೆ ಕಿತ್ತು, ಗಿರಾಕಿಯನ್ನು ಕೆಳಗೆ ಕರೆದು ತೋರಿಸಿ. ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಲಿ, ಅದಕ್ಕಾಗಿ ಜಾಸ್ತಿ ಹಣ ಕೇಳಿದರೂ ಕೊಡುತ್ತೇವೆ. ಗಿರಾಕಿಗಳೂ ಕಾರು ತರುವಾಗ ಸುಮ್ನೆ ಕೀ ತೆಗೆದುಕೊಂಡು ಹೊರಡಬೇಡಿ, ತೂತು ಎಲ್ಲಿವೆ ಅಂತ ಕೇಳಿ.

ಮಳೆ ಹಿಡಿದ ಮೇಲೆ ಈ ಪತ್ರ ಓದುತ್ತಿರುವವರು ವ್ಯಾಕ್ಸ್, ಕೋಟಿಂಗ್ ಎರಡನ್ನೂ ಅಕ್ಟೋಬರ್‌ವರೆಗೆ ಮುಂದೂಡಿ, ಒಳಗೆ ತೇವ ಇರುವಾಗ ಹೊಡೆದರೆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ತೂತು ಬಿಡಿಸುವ ಕೆಲಸಕ್ಕೆ ಮಾತ್ರ ಕಾಯಬೇಕಿಲ್ಲ, ಈ ಭಾನುವಾರವೇ ಮಾಡಬಹುದು.

— ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ