ಸೌಟಿನ ಮಾತು ಹೇಳಿದ ಅಣ್ಣನಿಗೆ

ತುಮಕೂರಿನ ಆ ಮದುವೆಯಲ್ಲಿ ಎರಡನೇ ಪಂಕ್ತಿಗೆ ಬಡಿಸುತ್ತಿದ್ದ ಅಣ್ಣಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಮಗಳಿಗೆ ಕಡಲೆಕಾಯಿ ಬೀಜ ಆಗಲ್ಲ ಅಂದಾಗ ಪಕ್ಕದವರು, "ಚಿತ್ರಾನ್ನದಿಂದ ಬೀಜ ಆರಿಸಿ ಕೊಡಿ, ಒಂದು ದಿನಕ್ಕೇನಾಗುತ್ತೆ" ಅಂದರು. ನೀವು ಮಾತ್ರ ಬಕೆಟ್ ಕೆಳಗಿಟ್ಟು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದಿರಿ. ಎಣ್ಣೆಗಾಯಿಗೆ ಬೀಜ ಹುರಿದು ರುಬ್ಬಿ ಹಾಕಿದೆ, ಕೋಸಂಬರಿಗೆ ಚಿತ್ರಾನ್ನದ ಸೌಟೇ ಬಿದ್ದಿದೆ ಎಂದಿರಿ. ಆ ಸೌಟಿನ ಮಾತು ನನಗೇ ಹೊಳೆದಿರಲಿಲ್ಲ! ಹೊಸ ಎಲೆ ಹಾಕಿ, ಬೇರೆ ಪಾತ್ರೆಯಿಂದ ಅನ್ನ, ತೊವ್ವೆ, ತುಪ್ಪ ಬಡಿಸಿದಿರಿ.

ನನಗೂ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತೆ. ಅದು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದ ತೊಂದರೆ, ಅಷ್ಟೇ. ಒಂದು ಲೋಟ ಮಜ್ಜಿಗೆ ನಡೆಯುತ್ತೆ. ಅವಳದ್ದು ಹಾಗಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಜದ ಪ್ರೋಟೀನಿನ ಮೇಲೆ ತಿರುಗಿಬೀಳುವ ಅಲರ್ಜಿ. ಚೂರು ಹೊಟ್ಟೆಗೆ ಹೋದರೂ ತುಟಿ ಊದಿ ಉಸಿರು ಕಟ್ಟಬಹುದು. ಆಗ ತಕ್ಷಣ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿ ಮಾತ್ರೆ ಸಾಲದು. ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ನಿಮಗೆ ಹೇಳಬೇಕಾಗಲೇ ಇಲ್ಲ.

ಹೋಳಿಗೆಯನ್ನೇ ನೋಡುತ್ತಿದ್ದಳು. "ಬೇಳೆ ಹೂರಣ ಪುಟ್ಟಿ, ನಾನೇ ನಿಂತು ರುಬ್ಬಿಸಿದ್ದು, ಬೇಯಿಸಿದ್ದು ತುಪ್ಪದಲ್ಲಿ" ಅಂದಿರಿ. ಎರಡು ತಿಂದಳು.