ಹಾಡುತ್ತಾರೆಂದರೆ ಅಳುವುದಿಲ್ಲ ಎಂದಲ್ಲ

ಮಾನ್ಯ ಸಂಪಾದಕರೇ,

ಕ್ರೈಸ್ತರ ಮನೆಯಲ್ಲಿ ಸಾವಾದಾಗ ಮಾತಾಡಿಸಲು ಬಂದ ನೆರೆಯವರು ಅಂಗಳದಲ್ಲಿ ನಿಂತು ಆಡುವ ಒಂದು ಮಾತಿದೆ: ‘ಇವ್ರಾಗ ಅಳೂದಿಲ್ಲ, ಹಾಡ್ತಾರ.’ ಒಳಗೆ ಶವದ ಪೆಟ್ಟಿಗೆಯ ಪಕ್ಕ ಕೂತವರಿಗೆ ಸಭೆಯವರೇ, ಅಂದರೆ ಚರ್ಚಿನವರೇ, ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ‘ಅಳಬ್ಯಾಡ್ರಿ, ಪ್ರಭುವಿನ ಹತ್ರ ಹೋಗ್ಯಾರ.’ ಎರಡೂ ಸರಿಯಲ್ಲ. ಹೊರಗಿನವರದು ತಿಳಿಯದೆ ಆಡಿದ ಮಾತು. ಒಳಗಿನವರದು ಬೈಬಲಿನ ಒಂದು ವಚನವನ್ನು ಅರ್ಧ ಓದಿದ್ದರ ಫಲ.

ಯೇಸುವಿನ ಸುವಾರ್ತೆ ಸಾರಿದ ಪೌಲನು ಥೆಸಲೊನೀಕದ ಸಭೆಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ, 13ನೇ ವಚನ ಅದು. ಸತ್ತವರು ಮತ್ತೆ ಏಳುವರೆಂಬ ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬೇಡಿ ಎಂಬುದು ಅದರ ಸಾರ; ದುಃಖಿಸಲೇಬೇಡಿ ಎಂದಲ್ಲ. ಇದೇ ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ, ಜೊತೆಗಾರ ಎಪಫ್ರೊದೀತ ಕಾಯಿಲೆಯಲ್ಲಿ ತೀರಿಹೋಗಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕ್ರಿಸ್ತನಿಗಾಗಿ ಕಲ್ಲೇಟು ತಿಂದು ಸತ್ತ ಸ್ತೆಫನನನ್ನು ಹೂಣಿಟ್ಟವರು ಭಕ್ತಿವಂತರೇ. ಅವರು ಬಹಳ ಗೋಳಾಡಿದರು ಎಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿದೆ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಶವಸಂಸ್ಕಾರದಲ್ಲಿ ಓದದ ಸಭೆ ಇಲ್ಲ. ಆದರೆ ಬಹಳ ಕಡೆ ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂಬ 25ನೇ ವಚನಕ್ಕೆ ಓದು ನಿಂತುಬಿಡುತ್ತದೆ. ಮುಂದಕ್ಕೂ ಓದಬೇಕು. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಅವನ ಅಕ್ಕ-ತಂಗಿಯರು, ಮಾರ್ಥ ಮತ್ತು ಮರಿಯ, ಬೇರೆ ಬೇರೆಯಾಗಿ ಬಂದು ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಮಾರ್ಥಳಿಗೆ ಉಪದೇಶ ಸಿಕ್ಕಿತು. ಮರಿಯಳಿಗೆ ಕಣ್ಣೀರು ಸಿಕ್ಕಿತು. ಇನ್ನು ಸ್ವಲ್ಪ ಹೊತ್ತಿಗೆ ಸತ್ತವನನ್ನು ಎಬ್ಬಿಸುವುದಿದೆ ಎಂದು ಗೊತ್ತಿದ್ದ ಯೇಸುವೇ ಅತ್ತ. ಮಾತಾಡಿಸಲು ಹೋಗುವವರು ಮೊದಲು ನೋಡಬೇಕಾದ್ದು ಇಷ್ಟೇ: ಎದುರಿಗಿರುವವರು ಮಾರ್ಥಳೋ ಮರಿಯಳೋ? ‘ಒಳ್ಳೆಯವರನ್ನ ದೇವರು ಬೇಗ ಕರಕೊಳ್ತಾನ’ ಎಂಬ ಮಾತಂತೂ ಇಬ್ಬರಿಗೂ ಬೇಡ. ಆ ಮಾತು ಬೈಬಲಿನದಲ್ಲ. ಉಳಿದವರು ಒಳ್ಳೆಯವರಲ್ಲವೇ ಎಂದು ಮಕ್ಕಳು ಕೇಳಿದರೆ ಉತ್ತರವೂ ಇಲ್ಲ.

ಸಭೆಗಾಗಿ ಬದುಕು ಸವೆಸಿದ ನಂಬಿಗಸ್ತರು ತೀರಿಕೊಂಡಾಗ ಇನ್ನೊಂದು ಎಡವಟ್ಟಾಗುತ್ತದೆ. ನುಡಿನಮನಕ್ಕೆ ಹತ್ತು ಜನ ಎದ್ದು ನಿಲ್ಲುತ್ತಾರೆ. ಐದು ನಿಮಿಷ ಎಂದವರು ಇಪ್ಪತ್ತು ನಿಮಿಷ ಮಾತಾಡುತ್ತಾರೆ. ‘ಸರಳ, ಸಜ್ಜನ, ಅಪರೂಪದ ವ್ಯಕ್ತಿತ್ವ’ ಎಂದು ವಿಶೇಷಣಗಳು ಉರುಳುತ್ತವೆ, ಸ್ಮಶಾನ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಬೈಬಲಿನಲ್ಲಿ, ಯೊಪ್ಪ ಎಂಬ ಊರಲ್ಲಿ ತಬಿಥಾ ಎಂಬ ಶಿಷ್ಯೆ ತೀರಿಕೊಂಡಾಗ ಅಲ್ಲಿನ ವಿಧವೆಯರು ಭಾಷಣ ಮಾಡಲಿಲ್ಲ. ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ಅಳುತ್ತಲೇ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದರು. ನುಡಿನಮನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಇಬ್ಬರು ಮಾತಾಡಲಿ, ತಲಾ ಮೂರು ನಿಮಿಷ, ಒಬ್ಬೊಬ್ಬರೂ ಒಂದೊಂದು ‘ಅಂಗಿ’ ತೋರಿಸಲಿ: ಭಾನುವಾರ ಶಾಲೆಯ ಹಾಜರಿ ಪುಸ್ತಕ, ಹಿಡಿ ಅಕ್ಕಿ ಕೂಡಿಸಿದ ಡಬ್ಬಿ, ಆಸ್ಪತ್ರೆಯಲ್ಲಿ ಯಾರದೋ ಪಕ್ಕ ಕಾದ ರಾತ್ರಿ.

ಸಮಾಧಿ ಕಲ್ಲಿನ ಮೇಲೆ ‘ಭಲಾ, ನಂಬಿಗಸ್ತನಾದ ಒಳ್ಳೇ ಆಳು’ ಎಂದು ಕೆತ್ತಿಸುವುದುಂಟು. ಭಲಾ! ನಮ್ಮ ಹಳೆಯ ಕನ್ನಡ ಬೈಬಲಿನ ಅನುವಾದಕರಿಗೆ ಆ ಪದ ಹೊಳೆದದ್ದು ಭಾಗ್ಯ. ಆದರೆ ಯೇಸು ಹೇಳಿದ ಕತೆಯಲ್ಲಿ ಆಳಿಗೆ ಹಾಗೆ ಹೇಳುವವನು ಯಜಮಾನ, ನಾವಲ್ಲ. ಸತ್ತವರ ಸೇವೆಯ ಪಟ್ಟಿಯೇ ನಿರೀಕ್ಷೆಗೆ ಆಧಾರವಾದರೆ, ಅಂಥ ಪಟ್ಟಿಯಿಲ್ಲದ ಮನೆಯವರಿಗೆ ಮುಂದಿನ ಸಾವಿನಲ್ಲಿ ಹೇಳಲು ನಮ್ಮ ಬಳಿ ಏನೂ ಉಳಿಯುವುದಿಲ್ಲ. ಕ್ರಿಸ್ತನು ಎದ್ದಿದ್ದಾನೆ, ಆದ್ದರಿಂದ ಇವರೂ ಏಳುವರು: ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದ ವಾದ ಇಷ್ಟೇ. ಆ ಅಧ್ಯಾಯದ 58 ವಚನಗಳನ್ನೂ ಓದಿದರೆ ನಿಂತವರ ಕಾಲು ಸೋಲುತ್ತದೆ. 20ರಿಂದ 26, 42ರಿಂದ 44, 51ರಿಂದ 57 ಸಾಕು. ಪ್ರಸಂಗ ಹತ್ತು ನಿಮಿಷ ದಾಟದಿರಲಿ.

ಹಾಡಿನ ಬಗ್ಗೆ ಒಂದು ಸಣ್ಣ ಸಂಗತಿ. ಅತ್ತ ಗಂಟಲು ಮೇಲೇರುವುದಿಲ್ಲ. ಭಾನುವಾರ ಹಾಡುವ ಶ್ರುತಿಗೇ ಎತ್ತಿಕೊಂಡರೆ ಎರಡನೇ ಸಾಲಿಗೆ ಮನೆಯವರ ದನಿ ಒಡೆದು ಗಾಯಕರ ತಂಡ ಮಾತ್ರ ಉಳಿಯುತ್ತದೆ. ಎರಡು ಸ್ವರ ಕೆಳಗಿನಿಂದ ಎತ್ತಿಕೊಳ್ಳಬೇಕು, ಎಲ್ಲರಿಗೂ ಬಾಯಿಪಾಠವಿರುವ ಹಾಡನ್ನೇ ಆರಿಸಬೇಕು. ಹೊಸ ಹಾಡು ಕಲಿಯುವ ದಿನ ಅದಲ್ಲ.

ಇನ್ನು ಮಣ್ಣಿನ ಕೆಲಸ. ನಮ್ಮ ಗದಗ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಹಿಂದಿನ ದಿನವೇ ತೋಡಿಟ್ಟ ಕುಣಿಯ ಪಕ್ಕ ಕುಸಿದು, ಪೆಟ್ಟಿಗೆ ಇಳಿಸುವ ಹೊತ್ತಿಗೆ ಮತ್ತೆ ಗುದ್ದಲಿ ಹಿಡಿಯಬೇಕಾಗುತ್ತದೆ. ಮನೆಯವರು ನೋಡಬಾರದ ದೃಶ್ಯ ಅದು. ಆ ದಿನ ಬೆಳಿಗ್ಗೆಯೇ ತೋಡಿಸಿ, ಉದ್ದದ ಎರಡೂ ಬದಿಗೆ ಹಲಗೆ ಆನಿಸಿ, ಮೇಲೆ ತಾಡಪತ್ರಿ ಹೊದಿಸಿದರೆ ಆ ಫಜೀತಿ ತಪ್ಪುತ್ತದೆ. ಕಲ್ಲು ಕೂರಿಸಲು ಅವಸರ ಬೇಡ. ಒಂದು ಮಳೆಗಾಲವಾದರೂ ಕಳೆದು ಮಣ್ಣು ಕೂತ ಮೇಲೆ ಕೂರಿಸಬೇಕು, ಇಲ್ಲವಾದರೆ ವಾಲುತ್ತದೆ, ಬಿರುಕು ಬಿಡುತ್ತದೆ. ‘ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು’ ಎಂದು ಅಯ್ಯನವರು (ಸಭೆಯ ಪಾದ್ರಿ) ಹೇಳುವಾಗ ಹಿಡಿಮಣ್ಣು ಹಾಕಲು ಹಿಂದೂ, ಮುಸ್ಲಿಂ ಗೆಳೆಯರು ಹಿಂಜರಿಯುತ್ತಾರೆ. ಧಾರಾಳವಾಗಿ ಹಾಕಬಹುದು. ಆ ಮೂರು ಮಾತಿನ ಬೆನ್ನಿಗೇ ಪುನರುತ್ಥಾನದ ನಿಶ್ಚಯವಾದ ನಿರೀಕ್ಷೆಯ ಮಾತು ಬರುತ್ತದೆ. ಮಣ್ಣು ಬೀಳುವ ಸದ್ದಿನಲ್ಲಿ ಅದು ಮುಳುಗಿಹೋಗದಂತೆ ಅಯ್ಯನವರು ಒಂದು ಕ್ಷಣ ತಡೆದು ಹೇಳುವುದು ಒಳ್ಳೆಯದು.

ಸಾಂತ್ವನದ ಅಸಲಿ ಕೆಲಸ ಶುರುವಾಗುವುದು ಪೆಂಡಾಲು ಬಿಚ್ಚಿದ ಮೇಲೆ. ಮೊದಲ ವಾರ ಸ್ತ್ರೀ ಸಮಾಜದವರು ಹೊತ್ತಿಗೊಂದು ಮನೆಯಂತೆ ಊಟ ಹಂಚಿಕೊಳ್ಳಲಿ. ವಾಪಸು ಕೊಡಬೇಕಾದ ಡಬ್ಬಿಯಲ್ಲಿ ಮಾತ್ರ ಕಳಿಸಬೇಡಿ. ಯಾವ ಡಬ್ಬಿ ಯಾರದೆಂದು ಹುಡುಕುವ ಕೆಲಸ ಆ ಮನೆಗೆ ಬೇಡ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಸಭೆಯ ಸಮಾಧಿ ರಿಜಿಸ್ಟರಿನ ನಕಲು ಅದಕ್ಕೆ ಬದಲಾಗುವುದಿಲ್ಲ, ಬ್ಯಾಂಕಿನವರು, ಪಿಂಚಣಿಯವರು ಕೇಳುವುದು ಸರಕಾರಿ ಮರಣ ಪ್ರಮಾಣಪತ್ರವನ್ನೇ. ಕಚೇರಿಗೆ ಜೊತೆಗೆ ಹೋಗಲು ಸಭೆಯಿಂದ ಒಬ್ಬರನ್ನು ನೇಮಿಸಿದರೆ ಹತ್ತು ಪ್ರಾರ್ಥನಾ ಕೂಟಕ್ಕಿಂತ ಹೆಚ್ಚಿನ ಉಪಕಾರವಾದೀತು. (ಪ್ರಾರ್ಥನೆ ಬೇಡವೆಂದಲ್ಲ, ಹಿರಿಯರು ಸಿಟ್ಟಾಗದಿರಲಿ.) ತಿಂಗಳು ಒಂದೂವರೆ ತಿಂಗಳಾದ ಮೇಲೆ ಬರುವವರು ನಿಂತುಹೋಗುತ್ತಾರೆ, ಮನೆ ಭಣಗುಡುವುದು ಆಗಲೇ. ಆ ಹೊತ್ತಿಗೆ, ಆಮೇಲೆ ಮೊದಲ ಕ್ರಿಸ್‌ಮಸ್‌ಗೆ ಹೋಗುವವರ ಹೆಸರನ್ನು ಈಗಲೇ ಬರೆದಿಡಬೇಕು. ಕ್ರಿಸ್ತನು ಎದ್ದ ದಿನವಾದ ಈಸ್ಟರ್ ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ಸ್ಮಶಾನದಲ್ಲಿ ಆರಾಧನೆ ಮಾಡುವ ಸಭೆಗಳಿವೆ. ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1732ರಲ್ಲಿ ಶುರುವಾದ ವಾಡಿಕೆ ಅದು. ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡವರ ಮನೆಯವರನ್ನು ಅಲ್ಲಿಗೆ ಯಾರಾದರೂ ಕರೆದುಕೊಂಡೇ ಹೋಗಬೇಕು. ತಾವಾಗಿ ಹೊರಡಲು ಅವರ ಕಾಲು ಏಳುವುದಿಲ್ಲ.

ಕೊನೆಗೆ ಪತ್ರಿಕೆಯವರಲ್ಲಿ ಎರಡು ವಿನಂತಿ. ಕ್ರೈಸ್ತರ ನಿಧನ ಸುದ್ದಿಗೆಲ್ಲ ‘ಆತ್ಮಕ್ಕೆ ಚಿರಶಾಂತಿ ಸಿಗಲಿ’ ಎಂಬ ಸಾಲನ್ನೇ ಅಂಟಿಸಬೇಡಿ. ಮೃತರಿಗಾಗಿ ಪ್ರಾರ್ಥಿಸುವುದು ಕಥೋಲಿಕರ ಪದ್ಧತಿ, ನವೆಂಬರ್ 2ರ ಸಕಲ ಮೃತರ ದಿನ ಅದಕ್ಕೆಂದೇ ಇದೆ. ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ಹಾಗೆ ಪ್ರಾರ್ಥಿಸುವುದಿಲ್ಲ. ಶಾಂತಿ ಆಗಲೇ ಸಿಕ್ಕಿದೆ ಎಂಬುದು ಅವರ ನಂಬಿಕೆ, ಹಾಗಾಗಿ ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂದು ಬರೆಸುತ್ತಾರೆ. ಮನೆಯವರು ಕೊಟ್ಟ ಮಾತನ್ನೇ ಅಚ್ಚು ಹಾಕಿದರೆ ಸಾಕು. ಎರಡನೆಯದು, ನಿಧನದ ಜಾಹೀರಾತಿನಲ್ಲಿ ಪದವಿ, ಹುದ್ದೆಗಳೆಲ್ಲ ಇರುತ್ತವೆ, ಯಾವ ಸ್ಮಶಾನ ಎಂಬುದೇ ಬಿಟ್ಟುಹೋಗಿರುತ್ತದೆ. ಪಂಗಡಕ್ಕೊಂದು ಸ್ಮಶಾನವಿರುವ ಊರುಗಳಲ್ಲಿ ಹಾರ ಹಿಡಿದುಕೊಂಡ ಗೆಳೆಯರು ಇನ್ನೊಂದರ ಗೇಟಿನಲ್ಲಿ ಕಾಯುತ್ತಿರುತ್ತಾರೆ. ಜಾಹೀರಾತು ಬರೆದುಕೊಳ್ಳುವಾಗ ನಿಮ್ಮ ಸಿಬ್ಬಂದಿ ಅದನ್ನೊಂದು ಕೇಳಿಬಿಡಲಿ.

ಸಭೆಯ ಹಿರಿಯರು,
ಗದಗ-ಬೆಟಗೇರಿ