ಬೇರೊಬ್ಬನ ಅಪರಾಧವನ್ನು ನಮ್ಮ ಪೂರ್ವಜರ ಹೆಸರಿಗೆ ಬರೆದ ವರದಿಯ ಕುರಿತು ದೂರು

ಇಂದ,
ತಮ್ಮ ಗ್ರಾಹಕಿ,
ಬೆಂಗಳೂರು

ಗೆ,
ವ್ಯವಸ್ಥಾಪಕರು,
ವಂಶಾವಳಿ ಸಂಶೋಧನಾ ವಿಭಾಗ

ಮಾನ್ಯರೇ,

ವಿಷಯ: ತಪ್ಪು ವ್ಯಕ್ತಿಯನ್ನು ಗುರುತಿಸಿರುವ ಸಂಶೋಧನಾ ವರದಿ, ಮರುಶೋಧನೆ ಅಥವಾ ಹಣ ವಾಪಸಾತಿಗೆ ಕೋರಿಕೆ.

ನನ್ನ ತಾಯಿಯ ಮುತ್ತಜ್ಜ ಇಂಗ್ಲೆಂಡಿನ ಕಾರ್ನ್‌ವಾಲ್ ಕೌಂಟಿಯ ಕ್ಯಾಂಬೋರ್ನ್‌ನಲ್ಲಿ ಗಣಿ ಕೆಲಸ ಮಾಡಿಕೊಂಡಿದ್ದು, 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದು ನೆಲೆಸಿದವರು. ಇಲ್ಲಿಗೆ ಬರುವ ಮೊದಲು ಅವರು ಜೈಲುವಾಸ ಅನುಭವಿಸಿದ್ದರೆಂಬ ಮಾತು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಪಿಸುದನಿಯಲ್ಲೇ ಉಳಿದುಬಂದಿದೆ. ಅದು ನಿಜವೇ, ನಿಜವಾದರೆ ಯಾವ ತಪ್ಪಿಗೆ, ಎಷ್ಟು ವರ್ಷ ಎಂಬುದನ್ನು ದಾಖಲೆಗಳಿಂದ ತಿಳಿಸಿಕೊಡಬೇಕೆಂದು ಕೋರಿ ತಮಗೆ 42,000 ರೂಪಾಯಿ ಪಾವತಿಸಿದ್ದೆ. ಕಳೆದ ತಿಂಗಳು ಬಂದ 26 ಪುಟಗಳ ವರದಿಯನ್ನು ಎರಡು ಬಾರಿ ಓದಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ವರದಿಯ ಎರಡನೆಯ ಅನುಬಂಧದಲ್ಲಿ 1871ರ ಜನಗಣತಿಯ ಹಾಳೆಯಿದೆ. ಅದರಲ್ಲಿ ನಮ್ಮ ಮುತ್ತಜ್ಜ ಕ್ಯಾಂಬೋರ್ನ್‌ನ ಮನೆಯಲ್ಲಿ ಹೆಂಡತಿ ಹಾಗೂ ಇಬ್ಬರು ಮಕ್ಕಳೊಂದಿಗೆ ಇದ್ದಾರೆ. ಹೆಂಡತಿಯ ಹೆಸರು ನಾನು ತಮಗೆ ಕೊಟ್ಟಿದ್ದ 1867ರ ವಿವಾಹ ಪ್ರಮಾಣಪತ್ರಕ್ಕೆ ಸರಿಯಾಗಿ ಹೊಂದುತ್ತದೆ. ಐದನೆಯ ಅನುಬಂಧದಲ್ಲಾದರೋ ಅದೇ ಹೆಸರಿನ ಒಬ್ಬಾತ 1869ರಲ್ಲಿ ಕಾರ್ನ್‌ವಾಲ್‌ನ ಬಾಡ್ಮಿನ್‌ನಲ್ಲಿ ಕನ್ನಗಳವಿಗಾಗಿ ಏಳು ವರ್ಷಗಳ ‘ಪೀನಲ್ ಸರ್ವಿಟ್ಯೂಡ್’ (ಕಠಿಣ ದುಡಿಮೆಯ ದೀರ್ಘ ಸೆರೆವಾಸ) ಶಿಕ್ಷೆಗೆ ಗುರಿಯಾಗಿ, ಲಂಡನ್ನಿನ ಮಿಲ್‌ಬ್ಯಾಂಕ್ ಜೈಲಿನ ಒಂಟಿ ಕೋಣೆಯ ಅವಧಿ ಮುಗಿಸಿ, 1870ರ ಕೊನೆಗೆ ಡಾರ್ಸೆಟ್‌ನ ಪೋರ್ಟ್‌ಲ್ಯಾಂಡ್ ಸೆರೆಮನೆಯ ಕಲ್ಲುಗಣಿಗೆ ಹೋದ ದಾಖಲೆಯಿದೆ. ಆತನೇ ನಮ್ಮ ಮುತ್ತಜ್ಜ ಎಂಬುದು ತಮ್ಮ ವರದಿಯ ತೀರ್ಮಾನ. ಆ ಗಣತಿ 1871ರ ಏಪ್ರಿಲ್ 2ರ ರಾತ್ರಿ ಯಾರು ಎಲ್ಲಿದ್ದರೆಂಬುದನ್ನು ಬರೆದುಕೊಂಡದ್ದು. ಒಬ್ಬನೇ ಮನುಷ್ಯ ಆ ರಾತ್ರಿ ತನ್ನ ಮನೆಯಲ್ಲೂ ಡಾರ್ಸೆಟ್ ಕರಾವಳಿಯ ಸೆರೆಮನೆಯಲ್ಲೂ ಮಲಗಿರಲು ಸಾಧ್ಯವಿಲ್ಲವೆಂಬುದು, ಈ ಎರಡೂ ಹಾಳೆಗಳನ್ನು ಒಂದೇ ದಾರದಲ್ಲಿ ಹೊಲಿದು ಕಳಿಸಿದ ತಮ್ಮ ಸಂಶೋಧಕರ ಗಮನಕ್ಕೆ ಬಾರದೆ ಹೋದದ್ದು ನನಗೆ ಅರ್ಥವಾಗಿಲ್ಲ.

ಇದಕ್ಕೆ ಪೂರಕ ಸಾಕ್ಷ್ಯವೆಂದು ಕೊಟ್ಟಿರುವ ಜೈಲಿನ ಗಣತಿ ಹಾಳೆಯಲ್ಲಿ ಕೈದಿಯ ಪೂರ್ಣ ಹೆಸರೇ ಇಲ್ಲ. ಎರಡು ಇನಿಷಿಯಲ್, ವಯಸ್ಸು, ‘ಕಾರ್ನ್‌ವಾಲ್’ ಎಂಬ ಜನ್ಮಸ್ಥಳ, ಇಷ್ಟೇ. ಆ ಕಾಲದಲ್ಲಿ ಹಲವು ಜೈಲುಗಳಲ್ಲಿ ಹೀಗೆ ಬರೆಯುವ ರೂಢಿಯಿತ್ತು, ಅದು ತಮ್ಮ ತಪ್ಪಲ್ಲ. ಆದರೆ ಥಾಮಸ್, ವಿಲಿಯಮ್ಸ್, ರಿಚರ್ಡ್ಸ್ ಮುಂತಾದ ಕೆಲವೇ ಮನೆತನದ ಹೆಸರುಗಳು ಊರೂರಿಗೂ ಹರಡಿರುವ ಗಣಿ ಸೀಮೆಯಲ್ಲಿ ಎರಡಕ್ಷರವನ್ನು ನಂಬಿ ಒಬ್ಬರನ್ನು ಗುರುತಿಸುವುದು, ನಮ್ಮ ಕಡೆ ‘ಮಂಜುನಾಥ, ಮೈಸೂರು’ ಎಂಬ ವಿಳಾಸಕ್ಕೆ ಅಂಚೆ ಹಾಕಿದಂತೆ.

ಹತ್ತೊಂಬತ್ತನೆಯ ಪುಟದಲ್ಲಿ ಮುತ್ತಜ್ಜನನ್ನು ‘ಬಹುಶಃ 1870ರಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿರಬಹುದು’ ಎಂದೂ ಬರೆಯಲಾಗಿದೆ. ಕೈದಿಗಳನ್ನು ಹೊತ್ತ ಕೊನೆಯ ಹಡಗು ‘ಹೂಗುಮಾಂಟ್’ ಅಲ್ಲಿನ ಫ್ರೀಮ್ಯಾಂಟಲ್ ಬಂದರು ತಲುಪಿದ್ದು 1868ರ ಜನವರಿಯಲ್ಲಿ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಮುತ್ತಜ್ಜನ ತಂದೆಯ ವಿಷಯದಲ್ಲಿ ಆದದ್ದು ಇದಕ್ಕಿಂತ ಬೇಸರದ ಸಂಗತಿ. 1841ರ ಗಣತಿಯಲ್ಲಿ 25 ವರ್ಷ, 1851ರ ಗಣತಿಯಲ್ಲಿ 39 ವರ್ಷ ಎಂದಿರುವುದರಿಂದ ‘ಇಬ್ಬರೂ ಬೇರೆ ಬೇರೆ’ ಎಂದು ತೀರ್ಮಾನಿಸಿ ಸರಿಯಾದ ಕುಟುಂಬವನ್ನೇ ಕೈಬಿಟ್ಟಿದ್ದೀರಿ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಅದಕ್ಕಿಂತ ಕೆಳಗೆ ಬರುವ ಐದರ ಗುಣಿತಕ್ಕೆ (15, 20, 25 ಹೀಗೆ) ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 29 ವರ್ಷದವನು ಅಲ್ಲಿ 25 ಆಗುತ್ತಾನೆ. ಹಾಗೆ ನೋಡಿದರೆ ಎರಡೂ ಹಾಳೆಗಳು ಒಬ್ಬನನ್ನೇ ಹೇಳುತ್ತಿವೆ.

ಹುಡುಕಬೇಕಾದ ದಾರಿಯ ಸುಳಿವನ್ನು ನಾನು ಮೊದಲ ಪತ್ರದಲ್ಲೇ ಕೊಟ್ಟಿದ್ದೆ. ಮೂರನೆಯ ಮಗು ಹೊಟ್ಟೆಯಲ್ಲಿದ್ದಾಗ ಮುತ್ತಜ್ಜ ಜೈಲಿಗೆ ಹೋದರೆಂಬುದು ಮನೆಯ ಮಾತು, ಆ ಮಗು ಹುಟ್ಟಿದ್ದು 1873ರಲ್ಲಿ. ಅಂದಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಲಯದ ಎಚ್‌ಒ 27 ಸರಣಿಯ ಅಪರಾಧ ರಿಜಿಸ್ಟರುಗಳಲ್ಲಿ, ವರ್ಷವಾರು ಕೌಂಟಿವಾರು ಜೋಡಿಸಿರುವ ಅವುಗಳಲ್ಲಿ, 1872 ಮತ್ತು 1873ರ ಕಾರ್ನ್‌ವಾಲ್ ಪುಟಗಳನ್ನು ತಿರುವಿದರೆ ಸಾಕಿತ್ತು. ಶಿಕ್ಷೆ ದೀರ್ಘವಾಗಿದ್ದರೆ 1853ರಿಂದ 1887ರವರೆಗಿನ ಬಿಡುಗಡೆ ಲೈಸೆನ್ಸುಗಳಿರುವ (ಅವಧಿಗೆ ಮೊದಲೇ ಷರತ್ತಿನ ಮೇಲೆ ಬಿಡುವಾಗ ಕೊಡುತ್ತಿದ್ದ ಪತ್ರಗಳು) ಅದೇ ದಾಖಲಾಲಯದ ಪಿಸಿಒಎಂ 3 ಸರಣಿಯಲ್ಲಿ ಕಡತ ಸಿಗಬಹುದು; ಅಲ್ಪಾವಧಿಯದಾಗಿದ್ದರೆ ಲೈಸೆನ್ಸೇ ಇರುವುದಿಲ್ಲ, ಆಗ ಕಾರ್ನ್‌ವಾಲ್‌ನ ರೆಡ್ರೂತ್‌ನಲ್ಲಿರುವ ಕ್ರೆಸನ್ ಕೆರ್ನೋ ದಾಖಲಾಲಯದಲ್ಲಿ ಕೇಳಬೇಕು. ಉಚಿತವಾಗಿ ನೋಡಸಿಗುವ 1881ರ ಗಣತಿಯನ್ನು ತಾವು ತೆರೆದೇ ನೋಡಿಲ್ಲ.

ಮುಖ್ಯವಾಗಿ, ಲೈಸೆನ್ಸ್ ಕಡತಗಳಲ್ಲಿ ಎತ್ತರ, ಕಸುಬು, ಅಕ್ಷರಜ್ಞಾನ, ಹತ್ತಿರದ ಸಂಬಂಧಿಕರ ಹೆಸರು, ಮೈಮೇಲಿನ ಗುರುತುಗಳನ್ನು ಬರೆದಿಡುತ್ತಿದ್ದರು. 1870ರ ದಶಕದ ಕಡತಗಳಲ್ಲಿ ಭಾವಚಿತ್ರವೂ ಸಿಗುವುದುಂಟು. ನಮ್ಮ ಮುತ್ತಜ್ಜನ ಎಡಗೈಯಲ್ಲಿ ಕೊನೆಯ ಎರಡು ಬೆರಳುಗಳಿರಲಿಲ್ಲ. ಮದುವೆಗೆ ಮೊದಲೇ, ಸಿಡಿಮದ್ದಿನ ಅವಘಡದಲ್ಲಿ ಹೋದವು ಅವು. ಕೋಲಾರ ಗಣಿಯ ಚಾಂಪಿಯನ್ ರೀಫ್‌ನಲ್ಲಿ ತೆಗೆದ ಪಟದಲ್ಲಿ ಅದು ಎದ್ದು ಕಾಣುತ್ತದೆ, ಆ ಪಟದ ಪ್ರತಿ ತಮ್ಮಲ್ಲಿದೆ. ತಾವು ನಮ್ಮವರೆಂದು ಹೇಳುತ್ತಿರುವ ಕೈದಿಯ ಕಡತವನ್ನು ತರಿಸಿ ಆತನ ಕೈಯ ವಿವರ ಓದಿದ್ದರೆ ಅನುಮಾನ ಅರ್ಧ ಗಂಟೆಯಲ್ಲಿ ತೀರುತ್ತಿತ್ತು. ಬಿಲ್ಲಿನಲ್ಲಿ ‘ಕ್ಯೂ ಭೇಟಿ ಮತ್ತು ಮೂಲ ಕಡತ ಪರಿಶೀಲನೆ’ ಎಂದು 15,000 ರೂಪಾಯಿ ಹಾಕಿದ್ದೀರಿ. ವರದಿಯಲ್ಲಿರುವುದು ಮಾತ್ರ ಸೂಚಿಯ ಒಂದು ಸಾಲು.

ನನ್ನ ತಾಯಿಗೆ ಈಗ 81 ವರ್ಷ. ಮುತ್ತಜ್ಜ ಕೈದಿಯಾಗಿದ್ದರೆಂದು ದಾಖಲೆ ಹೇಳಿದರೆ ಒಪ್ಪಿಕೊಳ್ಳಲು ಅವರು ಸಿದ್ಧರಿದ್ದಾರೆ, ಕೇಳಿದ್ದೂ ಅವರೇ. ಆದರೆ ತಮ್ಮ ವರದಿ ಬಂದ ದಿನದಿಂದ ಅವರು ಯಾರದೋ ಕನ್ನಗಳವನ್ನು ತಮ್ಮ ಮನೆಯದೆಂದು ನಂಬಿ ಕೊರಗುತ್ತಿದ್ದಾರೆ. ಅದು ಹಾಗಲ್ಲವೆಂದು ನಾನು ಹೇಳಿದರೆ, ‘ಮುದ್ರೆ ಹಾಕಿ ಕೊಟ್ಟಿದ್ದಾರಲ್ಲ’ ಎನ್ನುತ್ತಾರೆ.

ಆದ್ದರಿಂದ 1872–73ರ ರಿಜಿಸ್ಟರು, 1881ರ ಗಣತಿ ಮತ್ತು 1869ರ ಕೈದಿಯ ಲೈಸೆನ್ಸ್ ಕಡತ, ಈ ಮೂರನ್ನೂ ಮೂಲದಲ್ಲೇ ಪರಿಶೀಲಿಸಿ, ಹೆಚ್ಚುವರಿ ಶುಲ್ಕವಿಲ್ಲದೆ, 30 ದಿನಗಳೊಳಗೆ ತಿದ್ದಿದ ವರದಿ ಕೊಡಬೇಕು. ಆಗದಿದ್ದರೆ ಪೂರ್ಣ ಮೊತ್ತ ಹಿಂದಿರುಗಿಸಬೇಕು. ಎರಡೂ ಆಗದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ. ಈ ನಡುವೆ, ಹಳೆಯ ವರದಿಯನ್ನು ಹಿಂಪಡೆಯಲಾಗಿದೆ ಎಂದು ಒಂದು ಪತ್ರವನ್ನು ನನ್ನ ತಾಯಿಯ ಹೆಸರಿಗೆ, ಮುದ್ರೆ ಹಾಕಿ, ಈ ವಾರವೇ ಕಳಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಗ್ರಾಹಕಿ

ಅಡಕ: ವಿವಾಹ ಪ್ರಮಾಣಪತ್ರದ ಪ್ರತಿ, ಪಾವತಿ ರಸೀದಿ, ಚಾಂಪಿಯನ್ ರೀಫ್ ಪಟದ ಪ್ರತಿ